ಗೋಡೆಗೆ ಬಂದು ನಿಂತ ದನದ ದಾರಿ

ಚಳ್ಳಕೆರೆ ಸೀಮೆಯ ನಕಾಶೆಯನ್ನು ಹರವಿ ನೋಡಿದರೆ ಹೆದ್ದಾರಿ ಕಾಣುತ್ತದೆ, ರೈಲುದಾರಿ ಕಾಣುತ್ತದೆ, ವೇದಾವತಿಯ ಪಾತ್ರ ಕಾಣುತ್ತದೆ, ಕೆರೆಗಳ ನೀಲಿ ಗುರುತುಗಳೂ ಕಾಣುತ್ತವೆ. ಹೆದ್ದಾರಿಗಿಂತಲೂ ರೈಲಿಗಿಂತಲೂ ಹಳೆಯದಾದ ಒಂದು ದಾರಿ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದು ದನದ ದಾರಿ. ಹಟ್ಟಿಯಿಂದ ಹೊರಟು, ಹೊಲಗಳ ನಡುವಣ ಓಣಿಯನ್ನು ದಾಟಿ, ಹಳ್ಳವನ್ನು ಹಾಯ್ದು, ಕಾವಲಿನಿಂದ ಕಾವಲಿಗೆ ಸಾಗುವ ಆ ದಾರಿಯನ್ನು ಯಾವ ಇಂಜಿನಿಯರನೂ ಹಾಕಿದವನಲ್ಲ. ದನದ ಗೊರಸೂ ದನಗಾಹಿಯ ಮೆಟ್ಟೂ ಕೂಡಿ ತುಳಿದು ತುಳಿದು ಮಾಡಿದ ದಾರಿ ಅದು.

ಪಟ್ಟಣದ ತರುಣರು ಇಂದು ಬೆನ್ನಿಗೆ ಚೀಲ ಬಿಗಿದು ಚಾರಣಕ್ಕೆ ಹೊರಡುತ್ತಾರೆ. ದಾರಿ ಎಲ್ಲಿ ಕಡಿದಿದೆ, ಎಲ್ಲಿ ಬಳಸಬೇಕು, ನೀರು ಎಷ್ಟು ದೂರ, ರಾತ್ರಿ ತಂಗಲು ಸ್ಥಳವೆಲ್ಲಿ ಎಂಬುದನ್ನೆಲ್ಲ ಅವರು ಮೊದಲೇ ವಿಚಾರಿಸಿಕೊಳ್ಳುವುದುಂಟು. ನನ್ನಿವಾಳದ ದನಗಾಹಿ ಅದೇ ಪ್ರಶ್ನೆಗಳನ್ನು ತಲೆತಲಾಂತರದಿಂದ ಕೇಳುತ್ತ ಬಂದಿದ್ದಾನೆ. ಎದುರಿಗೆ ಇನ್ನೊಂದು ಮಂದೆ ಬಂದರೆ ಅವನ ಮೊದಲ ಮಾತು ಕುಶಲಪ್ರಶ್ನೆಯಲ್ಲ, “ಮುಂದಕ್ಕೆ ನೀರೈತೇನಣ್ಣ?” ಎಂಬುದೇ. ಚಾರಣಿಗನಿಗೆ ದಾರಿ ತಪ್ಪಿದರೆ ಒಂದು ದಿನ ಹೋದೀತು. ದನಗಾಹಿಗೆ ದಾರಿ ತಪ್ಪಿದರೆ ಮನೆಯ ಬದುಕೇ ತಪ್ಪುತ್ತದೆ.

ಹಳೆಯ ನಡಿಗೆ

ನನ್ನಿವಾಳವು ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದ ಊರು. ಕುಲದ ನ್ಯಾಯನೀತಿ, ಹಬ್ಬಹರಕೆಗಳ ತೀರ್ಮಾನವಾಗುವ ಸ್ಥಾನವೇ ಕಟ್ಟೆಮನೆ. ಈ ಜನರ ವೀರರ ಕಥೆಗಳಲ್ಲಿ ಅರಮನೆಗಿಂತ ಹಟ್ಟಿಯೇ ದೊಡ್ಡದು. ಕುದುರೆಗಿಂತ ಎತ್ತೇ ದೊಡ್ಡದು. ದನ ಕಾಯುತ್ತ ಹುಲಿಯೊಡನೆ ಕಾದಾಡಿದ ಗಾದರಿ ಪಾಲನಾಯಕನನ್ನು ಇಲ್ಲಿಯ ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ದೇವರಿಗೆಂದು ಬಿಟ್ಟ ಎತ್ತುಗಳನ್ನು ಇವರು ನೊಗಕ್ಕೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅವುಗಳನ್ನು ಕಾಯಲೆಂದೇ ಕಿಲಾರಿ ಎಂಬುವನಿರುತ್ತಾನೆ. ದೇವರ ಎತ್ತು ಗುಡಿಯ ಮುಂದೆ ಕಟ್ಟಿ ಹಾಕಿದ ಅಲಂಕಾರವಲ್ಲ. ಅದು ನಡೆಯಬೇಕು, ಬಯಲಿನಲ್ಲಿ ಮೇಯಬೇಕು, ಹಳ್ಳದಲ್ಲಿ ನೀರು ಕುಡಿಯಬೇಕು, ಸಂಜೆಗೆ ಗೂಡು ಸೇರಬೇಕು. ಅದರ ಸೇವೆಯೆಂದರೆ ಅದರೊಡನೆ ನಡೆಯುವುದೇ.

ಈ ಸೀಮೆಯ ಬಯಲುಗಳಿಗೆ ಅಮೃತಮಹಲು ಕಾವಲೆಂಬ ಹೆಸರು ಬಂದುದಕ್ಕೆ ದೊಡ್ಡದೊಂದು ಚರಿತ್ರೆಯಿದೆ. 17ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿ, ಅದರ ದನಗಳಿಗೆಂದು ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರನು ಅದೇ ದನದ ತಳಿಯನ್ನು ದಂಡಿನ ಸಾಮಾನು ಎಳೆಯುವ ಬಲವಾಗಿ ಬೆಳೆಸಿದನು. ಟಿಪ್ಪುವಿನ ಕಾಲದಲ್ಲಿ ಆ ಇಲಾಖೆಗೆ ಅಮೃತಮಹಲು ಎಂಬ ಹೆಸರಾಯಿತು. ಚಿದಂಬರದ ರಕ್ಷಣೆಗಾಗಿ ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರಿನ ಗೆಜೆಟಿಯರಿನಲ್ಲಿ ಬರೆದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಇಂಗ್ಲಿಷರ ವಶವಾದುವು. 1860ರಲ್ಲಿ ಖರ್ಚು ಹೆಚ್ಚೆಂದು ಅವರು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ, ಸೈನ್ಯಕ್ಕೆ ಒಳ್ಳೆಯ ಎತ್ತುಗಳು ದೊರೆಯದೆ ಹೋದಾಗ, ಮುಚ್ಚಿದುದನ್ನು ಮತ್ತೆ ತೆರೆಯಬೇಕಾಯಿತು.

ಈ ಚರಿತ್ರೆಯಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಾವಲುಗಳಲ್ಲಿ ಮೂರು ಬಗೆಯಿದ್ದುವು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು. ಮೊದಲ ಮಳೆಗೆ ಹುಲ್ಲು ಚಿಗುರುವ ಬಯಲು ಒಂದು ಕಡೆ. ಹುಲ್ಲು ಒಣಗಿದರೂ ಸತ್ತ್ವ ಕಳೆದುಕೊಳ್ಳದ ನೆಲ ಇನ್ನೊಂದು ಕಡೆ. ಸುಡುಬಿಸಿಲಿನಲ್ಲಿ ನೆರಳೂ ನೀರೂ ಉಳಿದಿರುವ ಕೆರೆಯಂಗಳ ಮತ್ತೊಂದು ಕಡೆ. ದನಗಳು ಋತುವಿಗೊಮ್ಮೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದುವು. ಅಮೃತಮಹಲಿನ ಎತ್ತಿನ ಕಾಲಿನ ಗಟ್ಟಿತನ ಕೊಟ್ಟಿಗೆಯಲ್ಲಿ ಹುಟ್ಟಿದುದಲ್ಲ. ಆ ನಡಿಗೆಯಲ್ಲಿ ಹುಟ್ಟಿದುದು. ಆದುದರಿಂದ ಕಾವಲೆಂದರೆ ಬರಿಯ ಹುಲ್ಲಿನ ತುಂಡುಭೂಮಿಯಲ್ಲ. ಒಂದು ಕಾವಲು, ಇನ್ನೊಂದು ಕಾವಲು, ಅವೆರಡರ ನಡುವಣ ದಾರಿ, ಈ ಮೂರೂ ಸೇರಿದರೆ ಮಾತ್ರ ಕಾವಲು. ದಾರಿ ಕಡಿದ ಮೇಲೆ ಉಳಿಯುವುದು ಖಾಲಿ ನೆಲ.

ದಾರಿಯ ಪಂಚಾಂಗ

ವರ್ಷದ ಎಲ್ಲ ದಿನಗಳಲ್ಲಿಯೂ ಈ ದಾರಿ ಒಂದೇ ತೆರನಾಗಿರುವುದಿಲ್ಲ. ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಒಂದು ಹದಮಳೆ ಮೊದಲೇ ಬಂದರೆ ಒಂದು ದಾರಿ, ತಡವಾದರೆ ಇನ್ನೊಂದು ದಾರಿ.

ಮುಂಗಾರು ಹನಿದು ಶೇಂಗಾ ಬಿತ್ತನೆಯಾಯಿತೆಂದರೆ ಹೊಲಗಳ ನಡುವಣ ಅಡ್ಡದಾರಿಗಳೆಲ್ಲ ಮುಚ್ಚಿದಂತೆಯೇ. ದನ ಒಂದು ಸಾಲಿಗೆ ಬಾಯಿಟ್ಟರೂ ಜಗಳ, ದಂಡ. ಆಗ ಉಳಿಯುವುದು ಇಕ್ಕೆಲದಲ್ಲಿಯೂ ಕಳ್ಳಿಬೇಲಿಯಿರುವ ಓಣಿಯೊಂದೇ. ಕೆಂಪು ಮಸಾರಿ ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನಡೆಯಬಹುದು. ಎರೆ ನೆಲದಲ್ಲಿ ಹಾಗಲ್ಲ. ಕೆಸರು ಗೊರಸಿಗೆ ಮೆತ್ತಿ, ಎಳೆಗರು ಕಾಲೆತ್ತಲಾರದೆ ನಿಂತುಬಿಡುತ್ತದೆ. ಅದಕ್ಕಾಗಿಯೇ ಅನುಭವಿಯಾದ ದನಗಾಹಿ ಮಳೆಯ ಮರುದಿನ ಎರೆಯ ಹತ್ತಿರ ಸುಳಿಯುವುದಿಲ್ಲ. ದೂರವಾದರೂ ಮರಡಿಯ ಮಗ್ಗುಲನ್ನೇ ಹಿಡಿಯುತ್ತಾನೆ.

ಶೇಂಗಾ ಕಿತ್ತು ಬಳ್ಳಿ ಒಟ್ಟಿದ ಮೇಲೆ ಸೀಮೆಯೆಲ್ಲ ಮತ್ತೆ ಬಾಗಿಲು ತೆರೆದಂತಾಗುತ್ತದೆ. ನಿನ್ನೆ ಬೈದು ಅಟ್ಟಿದ ರೈತನೇ ಇಂದು ಕುರಿಮಂದೆಯನ್ನು ಕರೆದು ತನ್ನ ಹೊಲದಲ್ಲಿ ರಾತ್ರಿ ತರುಬಿಸುತ್ತಾನೆ. ಕುರಿಯ ಹಿಕ್ಕೆ, ಗಂಜಲಗಳಿಂದ ನೆಲಕ್ಕೆ ಸಾರ. ಕುರಿಗಾಹಿಗೆ ಕಾಳೋ ಕಾಸೋ. ಚಳ್ಳಕೆರೆಯ ಕಂಬಳಿಯ ಹೆಸರು ನಾಡಿನಲ್ಲೆಲ್ಲ ಹರಡಿರುವುದು ಆ ಕುರಿಗಳ ಉಣ್ಣೆಯಿಂದ ಎಂಬುದನ್ನು ಮರೆಯಲಾಗದು.

ಚಳಿಗಾಲದಲ್ಲಿ ಕಾವಲಿನ ಹುಲ್ಲು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಹಂಚಿಕಡ್ಡಿಯನ್ನು ಕೊಯ್ದು ಪೊರಕೆ ಕಟ್ಟುವ ಹೆಂಗಸರು ಅದೇ ದಾರಿಯಲ್ಲಿ ಹೊರೆ ಹೊತ್ತು ಬರುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಬಲಿತಿತೆಂದರೆ ದಾರಿಯ ಲೆಕ್ಕವೇ ಬದಲಾಗುತ್ತದೆ. ಆಗ ಹುಲ್ಲಿನ ಮಾತಿಲ್ಲ, ನೀರಿನ ಮಾತೇ ಮಾತು. ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ ನೀರು ಮೊಗೆದು ದನಕ್ಕೆ ಕುಡಿಸುವ ಕಾಲ ಅದು. ಒಂದು ನೀರಿನಿಂದ ಇನ್ನೊಂದು ನೀರಿಗೆ ದನ ಒಂದು ಹೊತ್ತಿನಲ್ಲಿ ಮುಟ್ಟುವಂತಿದ್ದರೆ ಆ ದಾರಿ ಬದುಕಿದೆ; ಇಲ್ಲವಾದರೆ ಇಲ್ಲ. ಈ ಪಂಚಾಂಗವನ್ನು ಯಾರೂ ಅಚ್ಚು ಹಾಕಿಸಿಲ್ಲ. ಅದು ಮುದುಕರ ನಾಲಗೆಯ ಮೇಲಿದೆ, ಮುಂದಾಳು ಹಸುವಿನ ಕಾಲಿನಲ್ಲಿದೆ.

ಎಕರೆಯ ಲೆಕ್ಕ, ಹೆಜ್ಜೆಯ ಲೆಕ್ಕ

ದಾರಿ ಬದಲಾಗುವುದು ಹೊಸ ಸಂಗತಿಯೇನೂ ಅಲ್ಲ. ಕೊಳವೆಬಾವಿ ಬಂದು ಬೀಳುಭೂಮಿ ತೋಟವಾದಾಗ ದಾರಿ ಬಾಗಿತು. ರೈಲಿನ ಏರಿ ಎದ್ದಾಗ ಇನ್ನೊಮ್ಮೆ ಬಾಗಿತು. ಹೆದ್ದಾರಿ ಅಗಲವಾಗಿ ಲಾರಿಗಳು ಹಗಲಿರುಳೂ ಓಡತೊಡಗಿದ ಮೇಲೆ, ಮಂದೆಯನ್ನು ದಾಟಿಸುವುದಕ್ಕೆ ಹಿಂದೊಬ್ಬ ಮುಂದೊಬ್ಬ ಆಳು ನಿಲ್ಲಬೇಕಾಯಿತು. ಬಳ್ಳಾರಿ ಜಾಲಿ ಓಣಿಗಳನ್ನೂ ಕೆರೆಯಂಗಳಗಳನ್ನೂ ಸದ್ದಿಲ್ಲದೆ ಆಕ್ರಮಿಸಿ, ಗಾಡಿ ಹೋಗುತ್ತಿದ್ದಲ್ಲಿ ಮೇಕೆಯೂ ನುಸುಳದಂತೆ ಮಾಡಿತು. ಇವೆಲ್ಲಕ್ಕೂ ದನಗಾಹಿ ಹೊಂದಿಕೊಂಡನು. ನಾಲ್ಕು ಮಾರು ಬಳಸಿದರೆ ದಾರಿ ಮತ್ತೆ ಸಿಗುತ್ತದೆಂಬ ಧೈರ್ಯ ಅವನಿಗಿತ್ತು.

ಆ ಧೈರ್ಯ ಕುಸಿದುದು 2009-10ರ ಸುಮಾರಿಗೆ. ವರವು ಕಾವಲು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆಗಳನ್ನು ಸರಕಾರ ದೇಶದ ದೊಡ್ಡ ಸಂಸ್ಥೆಗಳಿಗೆ ಮಂಜೂರು ಮಾಡಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ 573 ಎಕರೆ. ಉಳಿದುದರಲ್ಲಿ ಸೂರ್ಯಶಕ್ತಿಯ ವಿದ್ಯುತ್ತಿಗಾಗಿ ಖಾಸಗಿಯವರಿಗೆ ಕೊಟ್ಟುದೂ ಸೇರಿತ್ತು. ಹಲವು ಹಳ್ಳಿಗಳ ಜನಕ್ಕೆ ಇದು ಮನದಟ್ಟಾದುದು ಬಯಲಿನಲ್ಲಿ ಗೋಡೆಯ ಪಾಯ ತೋಡಿದ ಮೇಲೆಯೇ. ಜನ ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಗಿ, 2014ರ ಆಗಸ್ಟಿನಲ್ಲಿ ತೀರ್ಪಾಯಿತು. ಯೋಜನೆಗಳು ನಿಲ್ಲಲಿಲ್ಲ.

ಈ ಸಂಸ್ಥೆಗಳ ಕೆಲಸ ಸಣ್ಣದೆಂದು ಯಾರೂ ಹೇಳಲಾರರು. ವರವು ಕಾವಲಿನ ವೈಮಾನಿಕ ಪರೀಕ್ಷಾ ನೆಲೆ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ವ್ಯೋಮವಾಹನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೊಯ್ದು ಕೈಬಿಟ್ಟಿತು. ಅದು ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಇಲ್ಲಿಯ ಓಡುಹಾದಿಯ ಮೇಲೆ ಬಂದಿಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ‘ಪುಷ್ಪಕ’ ಮತ್ತೆರಡು ಸಲ ಇಳಿಯಿತು. ಗಾಳಿ ಅಡ್ಡ ಬೀಸಿದರೂ, ಹೊರಟ ನೇರ ತಪ್ಪಿಸಿ ಬಿಟ್ಟರೂ, ಅದು ದಾರಿಯನ್ನು ತಿದ್ದಿಕೊಂಡು ಬಂದಿತೆಂಬುದೇ ಆ ಪ್ರಯೋಗಗಳ ಹೆಚ್ಚಳ. ಭಾರತದ ವಿಜ್ಞಾನಿಗಳು ಅದಕ್ಕಾಗಿ ಹೆಮ್ಮೆಪಡುವುದು ನ್ಯಾಯವೇ ಸರಿ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಾಡಿನ ಶಾಲಾಕಾಲೇಜುಗಳ ಉಪಾಧ್ಯಾಯರು ತರಬೇತಿ ಪಡೆಯುತ್ತಿರುವುದೂ ಸಣ್ಣ ಲಾಭವಲ್ಲ.

ಆದರೆ ಮುಗಿಲಿನಿಂದ ಇಳಿಯುವ ವಾಹನಕ್ಕೆ ದಾರಿ ತಿದ್ದಿಕೊಡುವ ಬುದ್ಧಿ ನೆಲದ ಮೇಲಣ ಹಸುವಿಗೆ ದಾರಿಯೊಂದನ್ನು ಬಿಡಲು ಏಕೆ ನೆನಪಾಗಲಿಲ್ಲ? ಉತ್ತರ ಸರಳವಾಗಿದೆ. ಕಛೇರಿ ನೆಲವನ್ನು ಎಕರೆಯಲ್ಲಿ ಅಳೆಯುತ್ತದೆ. ದನಗಾಹಿ ಹೆಜ್ಜೆಯಲ್ಲಿ ಅಳೆಯುತ್ತಾನೆ. ಇವೆರಡು ಲೆಕ್ಕಗಳೂ ಒಂದೇ ಅಲ್ಲ.

ಕಾಗದದ ಮೇಲೆ ಒಂದು ಉದಾಹರಣೆ ನೋಡಬಹುದು. 4,290 ಎಕರೆಯೆಂದರೆ ಹದಿನೇಳು ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ ಅದನ್ನು ಸಮಚೌಕವೆಂದು ಭಾವಿಸಿದರೆ ಒಂದೊಂದು ಬದಿಯೂ ನಾಲ್ಕು ಕಿಲೋಮೀಟರನ್ನು ಮೀರುತ್ತದೆ. ಅದರ ನಟ್ಟನಡುವೆ ಹಾಯ್ದು ಹೋಗುತ್ತಿದ್ದ ಮಂದೆ ಈಗ ಅರ್ಧ ಬದಿ, ಒಂದು ಬದಿ, ಮತ್ತೆ ಅರ್ಧ ಬದಿ ಬಳಸಬೇಕು: ನಾಲ್ಕು ಕಿಲೋಮೀಟರಿನ ದಾರಿ ಎಂಟಾಗುತ್ತದೆ. ಸಂಜೆ ಹಿಂದಿರುಗುವಾಗ ಮತ್ತೊಮ್ಮೆ ಹಾಗೆಯೇ. ದಿನಕ್ಕೆ ಎಂಟು ಕಿಲೋಮೀಟರು ಹೆಚ್ಚಿನ ನಡಿಗೆ. ಹಿಂದೆ ಆ ನಡಿಗೆಯುದ್ದಕ್ಕೂ ಹುಲ್ಲಿತ್ತು. ನಡೆಯುವುದೂ ಮೇಯುವುದೂ ಒಂದೇ ಆಗಿತ್ತು. ಗೋಡೆಯ ಮಗ್ಗುಲಿನಲ್ಲಿ ನಡೆಯುವ ದನ ಬರಿಯ ನಡೆಯುತ್ತದೆ. ಹಾಲಿನ ಹಸು ಮೇವಿಗೆ ಹೋಗಿ ಹಸಿದು ಬರುತ್ತದೆ. ಕಂದಾಯದ ಪುಸ್ತಕದಲ್ಲಿ ಹೋದುದು ಗೋಡೆಯೊಳಗಿನ ನೆಲವಷ್ಟೇ. ದನಗಾಹಿಯ ಲೆಕ್ಕದಲ್ಲಿ ಗೋಡೆಯಾಚೆಯ ಹುಲ್ಲೂ ಹೋಯಿತು, ನೀರೂ ಹೋಯಿತು. ಏಕೆಂದರೆ ಒಂದು ಹಗಲಿನಲ್ಲಿ ಮುಟ್ಟಿ ಮರಳಲಾಗದ ಹುಲ್ಲು ಇದ್ದೂ ಇಲ್ಲದಂತೆ.

ಇದರ ಪರಿಣಾಮ ಬರಗಾಲದಲ್ಲಿ ಎದ್ದು ಕಾಣುತ್ತದೆ. ಬರ ಬಂದಾಗ ನಡೆದು ದೂರ ಹೋಗುವುದೇ ದನದ ಉಪಾಯವಾಗಿತ್ತು. ದಾರಿ ಕಡಿದ ಮೇಲೆ ದನ ನಿಂತಲ್ಲಿಯೇ ನಿಲ್ಲುತ್ತದೆ. ಮೇವು ಅದರ ಬಳಿಗೆ ಬರಬೇಕು. ಗೋಶಾಲೆ, ದಾನಿಗಳ ಹುಲ್ಲು, ಲಾರಿಯ ಬಾಡಿಗೆ ಎಂದು ಪಾಡು ಮೊದಲಾಗುತ್ತದೆ. ಮನೆಯ ಎಮ್ಮೆಯನ್ನೋ ಹಸುವನ್ನೋ ಮಾರಿ ಹೇಗೋ ತೂಗಿಸಬಹುದು. ದೇವರ ಎತ್ತನ್ನು ಮಾರುವಂತಿಲ್ಲ, ಕಟ್ಟಿ ಸಾಕುವ ಶಕ್ತಿಯೂ ಕಿಲಾರಿಗಿಲ್ಲ. ನಂಬಿಕೆಯೊಂದು ಸಾಯುವುದು ಯಾರೋ ಅದನ್ನು ಖಂಡಿಸಿದುದರಿಂದಲ್ಲ. ಅದು ನಡೆಯುವ ದಾರಿ ಮುಚ್ಚಿಹೋದುದರಿಂದ.

ಹೊರನಾಡಿನ ಪಾಠ

ದನದ ದಾರಿಗೆ ಕಾನೂನಿನ ಕಾಪು ಕೊಟ್ಟ ನಾಡುಗಳೂ ಉಂಟು. ಸ್ಪೇನ್ ದೇಶದಲ್ಲಿ 1273ರಲ್ಲಿಯೇ ಹತ್ತನೆಯ ಅಲ್ಫಾನ್ಸೊ ದೊರೆ ಕುರಿಗಾಹಿಗಳ ಸಂಘಕ್ಕೆ ಸನ್ನದು ಕೊಟ್ಟನು. ಕುರಿಗಳು ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಹೋಗುವ ರಾಜದಾರಿಗಳ ಅಗಲ ಸುಮಾರು 75 ಮೀಟರು ಇರತಕ್ಕದ್ದೆಂದು ಅಲ್ಲಿ ಗೊತ್ತುಮಾಡಿದ್ದರು. ಕಾಲಾಂತರದಲ್ಲಿ ಹೊಲ, ರಸ್ತೆ, ಬಡಾವಣೆಗಳು ಆ ದಾರಿಗಳನ್ನೂ ನುಂಗತೊಡಗಿದುವು. ಆಗ 1995ರಲ್ಲಿ ಸ್ಪೇನ್ ಹೊಸ ಕಾನೂನು ಮಾಡಿ, ಅವು ಸಾರ್ವಜನಿಕರ ಸ್ವತ್ತು, ಮಾರುವಂತಿಲ್ಲ, ಒತ್ತುವರಿಗೆ ಎಷ್ಟು ವರ್ಷ ಕಳೆದರೂ ಹಕ್ಕು ಹುಟ್ಟುವುದಿಲ್ಲ ಎಂದು ಸಾರಿತು. ಮೊದಲ ಹಕ್ಕು ಮಂದೆಗೆ. ಮಂದೆಗೆ ಅಡ್ಡಿಯಾಗದಂತೆ ಕಾಲುನಡೆಯ ಪ್ರವಾಸಿಗಳೂ ಕುದುರೆ ಸವಾರರೂ ಅದರಲ್ಲಿ ಹೋಗಬಹುದು. ವರ್ಷಕ್ಕೊಮ್ಮೆ ರಾಜಧಾನಿ ಮ್ಯಾಡ್ರಿಡ್ಡಿನ ನಡುಬೀದಿಯಲ್ಲಿಯೇ ಕುರಿಗಳನ್ನು ನಡೆಸಿ ತಮ್ಮ ಹಕ್ಕನ್ನು ಕುರಿಗಾಹಿಗಳು ನೆನಪಿಸುತ್ತಾರೆ. ಹೀಗೆ ಕುರಿಯ ದಾರಿ ಉಳಿಯಿತು. ಅದರಿಂದ ಚಾರಣಿಗನಿಗೂ ದಾರಿ ಸಿಕ್ಕಿತು.

ಭಾರತದಲ್ಲಿ ಕಾನೂನಿನ ಆಸರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆ ಮೇವಿನ ಹಕ್ಕನ್ನೂ, ಋತುಮಾನಕ್ಕೆ ತಕ್ಕಂತೆ ಬಂದು ಹೋಗುವ ಪಶುಪಾಲಕರ ಹಕ್ಕನ್ನೂ ಹೆಸರಿಟ್ಟು ಹೇಳಿದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಭೂಮಿಯ ಒತ್ತುವರಿಯನ್ನು ತೆರವು ಮಾಡಿ ಅದನ್ನು ಹಳ್ಳಿಗೆ ಹಿಂದಿರುಗಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. 2025ರಲ್ಲಿ ಕರ್ನಾಟಕದ ವಿಧಾನಮಂಡಲ ವಲಸೆ ಕುರಿಗಾಹಿಗಳ ಕ್ಷೇಮಕ್ಕೂ ರಕ್ಷಣೆಗೂ ಮಸೂದೆಯೊಂದನ್ನು ಅಂಗೀಕರಿಸಿತು. ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಹೆಸರಿಸಿದೆ. ಮಾತಿಗೆ ಕೊರತೆಯಿಲ್ಲ. ಕೊರತೆಯಿರುವುದು ನಕಾಶೆಯ ಮೇಲಣ ಒಂದು ಗೆರೆಗೆ.

ಆಗಬೇಕಾದುದು

ಹೋದ ನೆಲವೆಲ್ಲ ನಾಳೆಯೇ ಹಿಂದಿರುಗುವುದೆಂದು ಚಳ್ಳಕೆರೆ ಸೀಮೆಯ ದನಗಾಹಿಗಳು ಕನಸು ಕಾಣುತ್ತ ಕುಳಿತಿಲ್ಲ. ಕುಳಿತರೆ ದನ ಉಪವಾಸ. ಉಳಿದಿರುವ ಕಾವಲುಗಳನ್ನಾದರೂ ಒಂದಕ್ಕೊಂದು ಸೇರಿಸುವ ಕೆಲಸ ಈಗ ಆಗಬಹುದಾದುದು. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಮೊದಲನೆಯದಾಗಿ, ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ದನದ ದಾರಿಗಳನ್ನು ಮುದುಕ ದನಗಾಹಿಗಳೊಡನೆ ನಡೆದು ಗುರುತಿಸಿ, ಗ್ರಾಮಸಭೆಯಲ್ಲಿ ಓದಿಸಿ, ದಾಖಲೆಗೆ ಸೇರಿಸಬೇಕು. ಮಳೆಗಾಲದ ದಾರಿ ಯಾವುದು, ಬೇಸಗೆಯದು ಯಾವುದು ಎಂಬ ವಿವರ ಅದರಲ್ಲಿರಬೇಕು. ಬರೆದಿಡದ ದಾರಿಗೆ ಕಛೇರಿಯಲ್ಲಿ ಬಾಯಿಲ್ಲ. ಎರಡನೆಯದಾಗಿ, ಗುರುತಾದ ದಾರಿಯ ಇಕ್ಕೆಲಕ್ಕೂ ಕಲ್ಲು ನೆಟ್ಟು, ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಸಬೇಕು. ಬರಿಯ ಕಡಿದರೆ ಅದು ಮರುವರ್ಷ ಎರಡರಷ್ಟಾಗಿ ಚಿಗುರುತ್ತದೆ. ಮೂರನೆಯದಾಗಿ, ಒಂದೊಂದು ಹೊತ್ತಿನ ನಡಿಗೆಗೆ ಒಂದರಂತೆ ನೀರಿನ ತೊಟ್ಟಿ ಕಟ್ಟಿಸಿ, ಅದನ್ನು ತುಂಬಿಸುವ ಹೊಣೆಯನ್ನು ಹತ್ತಿರದ ಹಟ್ಟಿಗೆ ವಹಿಸಬೇಕು. ನಾಲ್ಕನೆಯದಾಗಿ, ಹೆದ್ದಾರಿಯ ಕೆಳಗೆ ಟ್ರ್ಯಾಕ್ಟರಿಗೆಂದು ಬಿಡುವ ಸುರಂಗದಂತೆ ದನಕ್ಕೂ ಒಂದು ಕಂಡಿ ಬಿಡಬೇಕು. ಕೊನೆಯದಾಗಿ, ಗೋಡೆಯೊಳಗೆ ಕಟ್ಟಡವೂ ಇಲ್ಲದೆ ಅಪಾಯವೂ ಇಲ್ಲದೆ ಉಳಿದಿರುವ ಅಂಚಿನ ನೆಲದಲ್ಲಿ, ಗೋಡೆಯನ್ನು ಕೆಲವು ಮಾರು ಹಿಂದೆ ಸರಿಸಿ ದಾರಿ ಬಿಡಲಾದೀತೇ ಎಂಬುದನ್ನು ಆಯಾ ಸಂಸ್ಥೆಗಳು ಹಳ್ಳಿಯವರೊಡನೆ ಕುಳಿತು ಯೋಚಿಸಬೇಕು. ಚಂದ್ರಲೋಕದವರೆಗೆ ದಾರಿ ಲೆಕ್ಕ ಹಾಕಬಲ್ಲ ದೇಶಕ್ಕೆ ಇದು ಬಿಡಿಸಲಾರದ ಲೆಕ್ಕವೇನೂ ಅಲ್ಲ.

ಇದಕ್ಕೆಲ್ಲ ಹೆಚ್ಚು ಕಾಲವಿಲ್ಲ ಎಂಬುದೊಂದೇ ಆತಂಕ. ದಾರಿಯನ್ನು ಕಾಲಿನಿಂದ ಬಲ್ಲ ತಲೆಮಾರು ಮುಪ್ಪಾಗಿದೆ. ಮಕ್ಕಳು ಚಳ್ಳಕೆರೆಯ ಎಣ್ಣೆ ಗಿರಣಿಗೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಬಸ್ಸು ಹತ್ತುತ್ತಾರೆ; ಅದು ಅವರ ತಪ್ಪಲ್ಲ. ನಾಲ್ಕು ಮಳೆಗಾಲ ಗೊರಸು ಬೀಳದ ದಾರಿಯ ಮೇಲೆ ಮುಳ್ಳು ಬೆಳೆಯುತ್ತದೆ. ಮುಳ್ಳು ಬೆಳೆದ ನೆಲ ಬೀಳೆನಿಸುತ್ತದೆ. ಬೀಳೆನಿಸಿದ ನೆಲ ಯಾರಿಗಾದರೂ ಮಂಜೂರಾಗುತ್ತದೆ. ಆಮೇಲೆ ಇಲ್ಲಿ ದಾರಿಯಿತ್ತೆಂದು ಹೇಳಲು ಸಾಕ್ಷಿ ಯಾರು?

ಸದ್ಯಕ್ಕೆ ಸಾಕ್ಷಿ ಇನ್ನೂ ಇದೆ. ಬೆಳಗಾದರೆ ಹಟ್ಟಿಯ ಬಾಗಿಲು ತೆರೆಯುತ್ತದೆ, ಮುಂದಾಳು ಹಸು ಹಳೆಯ ಓಣಿಯನ್ನೇ ಹಿಡಿಯುತ್ತದೆ. ಗೋಡೆಯ ಬಳಿಗೆ ಬಂದಾಗ ಅದು ಒಂದು ಗಳಿಗೆ ನಿಂತು, ಮೂಸಿ, ಆಮೇಲೆ ಪಕ್ಕಕ್ಕೆ ತಿರುಗುತ್ತದೆ. ಆ ಹಸು ನಿಲ್ಲುವ ಜಾಗದಿಂದಲೇ ನಕಾಶೆಯ ಹೊಸ ಗೆರೆಯನ್ನು ಎಳೆಯತೊಡಗಬಹುದು.